ಪದ್ಮತ್ತೆಯ ಸೈಕಲ್ಲಿಗೆ ನಾನು ಆರಿಸಿದ ಬುಟ್ಟಿ

ಪ್ರತಿ ವರ್ಷ ಡಿಸೆಂಬರಿನ ಮೊದಲ ಚಳಿಗೆ ನಮ್ಮ ಮನೆಯ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಬೆಳ್ಳಗೆ ಗಟ್ಟಿಯಾಗುತ್ತದೆ. ಅದನ್ನು ಬಾಲ್ಕನಿಯ ಬಿಸಿಲಿಗಿಟ್ಟು, ಕರಗುವವರೆಗೆ ಕಾಯುತ್ತ ಸುಮ್ಮನೆ ಕೂರುವುದಕ್ಕೆ ನನಗೊಂದು ನೆಪ. ಮೊನ್ನೆ ಹಾಗೆ ಕೂತಿದ್ದಾಗ ಬಾಲ್ಕನಿ ಬಾಗಿಲಿನ ಕೀಲು ಕಿರ್ರೆಂದಿತು. ಎಣ್ಣೆಯಲ್ಲಿ ಬೆರಳದ್ದಿ ಅದಕ್ಕೆ ಸವರಿದೆ. ಕಬ್ಬಿಣದ ತುಕ್ಕಿನ ವಾಸನೆಯೂ ಕೊಬ್ಬರಿ ಎಣ್ಣೆಯ ವಾಸನೆಯೂ ಬೆರೆತು ಮೂಗಿಗೆ ಬಂದದ್ದೇ ತಡ, ನಾನು ಹನ್ನೊಂದು ವರ್ಷದವಳಾಗಿ ಚಾಮರಾಜಪೇಟೆಯ ನಮ್ಮ ಮನೆಯ ಪಕ್ಕದ ಓಣಿಯಲ್ಲಿ, ಪದ್ಮತ್ತೆಯ ಸೈಕಲ್ಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದೆ. ಸೈಕಲ್ಲಿನ ಚೈನಿಗೆ ಕೊಬ್ಬರಿ ಎಣ್ಣೆ ಹಾಕಬಾರದು ಎಂದು ಈಗ ನನಗೆ ಗೊತ್ತು. ಆದರೆ ನಮ್ಮ ಮನೆಯಲ್ಲಿ ತಲೆಗೂ ಬಾಗಿಲಿಗೂ ಹೊಲಿಗೆ ಮಿಶನ್ನಿಗೂ ಒಂದೇ ಎಣ್ಣೆ. "ತಲೆಗೆ ಒಳ್ಳೇದಾದ್ದು ಚೈನಿಗೆ ಹೇಗೆ ಕೆಟ್ಟದ್ದಾಗುತ್ತೆ?" ಎಂಬ ಅಜ್ಜಿಯ ವಾದಕ್ಕೆ ಮೇಲ್ಮನವಿ ಇರಲಿಲ್ಲ. ಹೀಗಾಗಿ ಧನುರ್ಮಾಸದ ಬೆಳಗುಗಳಲ್ಲಿ ಚೈನು ಬಿಗಿದುಕೊಂಡು ಪೆಡಲು ಅಲುಗುತ್ತಿರಲಿಲ್ಲ. ಪದ್ಮತ್ತೆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ, ಹಪ್ಪಳ ಒಣಗಿಸುವ ಜಾಗದಲ್ಲಿ ಬಿಸಿಲಿಗೆ ನಿಲ್ಲಿಸಿ, ತಾನೂ ಪಕ್ಕದಲ್ಲಿ ನಿಲ್ಲುತ್ತಿದ್ದಳು.

ಆ ಮನೆ ಈಗಿಲ್ಲ. ಕೆಂಪು ಗಾರೆಯ ನೆಲ, ರಸ್ತೆಗೆ ಮುಖ ಮಾಡಿದ ಗಿಡ್ಡ ಜಗಲಿ, ಹಿತ್ತಿಲಲ್ಲಿ ಒಗೆಯುವ ಕಲ್ಲು, ಕಲ್ಲಿನ ಪಕ್ಕ ಒಂದು ಕರಿಬೇವಿನ ಗಿಡ. ಆ ಭಾಗದಲ್ಲಿ ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು, ಉಳಿದ ಮನೆಯನ್ನು ಅವರೇ ಕಟ್ಟಿಕೊಳ್ಳುತ್ತಾರೆ. ಐದು ಜನ ಇದ್ದೆವು. ಅಜ್ಜಿ, ಅಂದರೆ ಅಪ್ಪನ ಅಮ್ಮ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಅಮ್ಮ, ನಾನು, ಮತ್ತೆ ಅಪ್ಪನ ಅಕ್ಕ ಪದ್ಮತ್ತೆ. ಅವಳು ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ರಸ್ತೆ ಆಚೆಗಿದ್ದ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದಳು. ನಮ್ಮ ಬೀದಿಯ ಅರ್ಧ ಜನಕ್ಕೆ ಮಗ್ಗಿ ಕಲಿಸಿದವಳು ಅವಳೇ. ಮೀಸೆ ಬಂದ ಗಂಡಸರೂ ಅವಳನ್ನು ಕಂಡರೆ ಒಂದು ಕ್ಷಣ ನೆಟ್ಟಗೆ ನಿಲ್ಲುತ್ತಿದ್ದರು.

ಅಜ್ಜಿಯ ಮನೆತನದಲ್ಲಿ ಎರಡು ಕಟ್ಟಳೆಗಳಿದ್ದವು. ನಿಮ್ಮ ಮನೆಯಲ್ಲೂ ಒಂದಾದರೂ ಇದ್ದಿರಬಹುದು. ಹೊರಗೆ ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹಾಗೆಯೇ ಹೊರಗೆ ಹೋದವರು ಬರಿಗೈಯಲ್ಲಿ ಮನೆಗೆ ಬರಬಾರದು. ಏನೂ ಸಿಗದಿದ್ದರೆ ಒಂದು ನಿಂಬೆಹಣ್ಣಾದರೂ ತರಬೇಕು. ಎರಡನೆಯದು ಸುಲಭ. ಮೊದಲನೆಯದನ್ನು ಪಾಲಿಸುವುದು ಅಜ್ಜಿಯಂಥ ಕುತೂಹಲದ ಹೆಂಗಸಿಗೆ ಬಹಳ ಕಷ್ಟವಾಗಿತ್ತು. ಅವಳು ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಜಗಲಿಯ ಮೇಲೆ ಕೂತು, ಚಪ್ಪಲಿ ಮೆಟ್ಟುತ್ತಿರುವವರನ್ನು ಮೊದಲು "ದೂರಾನಾ?" ಎನ್ನುವಳು. ಅದಕ್ಕೆ ಸರಿಯಾದ ಉತ್ತರ ಬರದಿದ್ದರೆ ಒಂದು ಕೆಲಸ ಒಪ್ಪಿಸುವಳು. "ಗಾಂಧಿ ಬಜಾರ್ ಕಡೆ ಹೋದ್ರೆ ಎರಡು ಕಟ್ಟು ವೀಳ್ಯದೆಲೆ ತಾ." ಹೊರಟವರು "ಆ ಕಡೆ ಹೋಗ್ತಿಲ್ಲಮ್ಮ, ಮಾರ್ಕೆಟ್ ಕಡೆ" ಎಂದರೆ ಕೇಳದೆಯೇ ಉತ್ತರ ಸಿಕ್ಕಿತು. ಆಮೇಲೆ ಮಾರ್ಕೆಟ್ಟಿನಿಂದ ತರಬೇಕಾದದ್ದು ಅವಳಿಗೆ ನೆನಪಾಗುತ್ತಿತ್ತು. ಹೀಗೆ ನಮ್ಮ ಮನೆಯಲ್ಲಿ ಕೆಲಸ ಹೇಳುವುದು ಪ್ರೀತಿಯ ವಿಚಾರಣೆಯೇ ಆಗಿತ್ತು. ಅತಿ ಹೆಚ್ಚು ಕೆಲಸ ಹೊತ್ತವಳು ಪದ್ಮತ್ತೆ.

ಅವಳೇನು ಮನೆಯೊಳಗೆ ಕೂತವಳಲ್ಲ. ನಮ್ಮೆಲ್ಲರಿಗಿಂತ ಹೆಚ್ಚು ಬೀದಿ ತಿರುಗಿದವಳು. ಶಾಲೆ, ರೇಷನ್ ಅಂಗಡಿ, ಅಜ್ಜಿಯ ಕಣ್ಣಿನ ಔಷಧಿ, ಅಮ್ಮನ ರವಿಕೆ ಹೊಲಿಯುವ ಟೈಲರು, ನನ್ನ ಶಾಲೆಯ ಪೇರೆಂಟ್ಸ್ ಮೀಟಿಂಗು. ಮಡಿಸಿದ ಬಟ್ಟೆಯ ಚೀಲವೊಂದು ಸದಾ ಅವಳ ಕಂಕುಳಲ್ಲಿರುತ್ತಿತ್ತು. ಚೀಲವಿಲ್ಲದ ಪದ್ಮತ್ತೆಯನ್ನು ನಾನು ನೋಡಿಯೇ ಇರಲಿಲ್ಲ. ಆದರೆ ಚಿಕ್ಕವಳಿದ್ದಾಗ ಅವಳು ಗಂಟೆ ಬಾಡಿಗೆಯ ಸೈಕಲ್ಲು ತಂದು, ಅದರ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಓರೆಯಾಗಿ ಓಡಿಸುತ್ತಿದ್ದಳಂತೆ. ಅಪ್ಪನಿಗೆ ಸೈಕಲ್ಲು ಕಲಿಸಿದವಳೂ ಅವಳೇ. ಹನ್ನೆರಡು ಹದಿಮೂರಕ್ಕೆ ಅದು ನಿಂತಿತು. ದೊಡ್ಡವಳಾದ ಹುಡುಗಿ ಸೈಕಲ್ಲು ಹತ್ತಬಾರದು ಎಂದು ಯಾರೋ ಹೇಳಿದರು, ಬಾಡಿಗೆ ಸೈಕಲ್ಲು ಅಪ್ಪನ ಪಾಲಾಯಿತು. ಆಮೇಲೆ ಮೂವತ್ತು ವರ್ಷ ಅವಳು ಹೊರಗಿಟ್ಟ ಪ್ರತಿ ಹೆಜ್ಜೆಗೂ ಒಂದು ಕಾರಣವಿತ್ತು.

ತೊಂಬತ್ತರ ದಶಕದ ನಡುವಿನ ಒಂದು ಭಾನುವಾರ, ಅವಳಿಗೆ ನಲವತ್ನಾಲ್ಕೋ ನಲವತ್ತೈದೋ ಇದ್ದಾಗ, ಉಪ್ಪಿಟ್ಟು ತಿನ್ನುತ್ತ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ನಾನೊಂದು ಸೈಕಲ್ ತಗೋತೀನಿ."

ಅಪ್ಪ ನಕ್ಕರು. "ಸ್ಕೂಲು ಎರಡು ರಸ್ತೆ ಆಚೆ ತಾನೇ ಇರೋದು, ಅಕ್ಕ?"

"ಸ್ಕೂಲಿಗಲ್ಲ."

"ಮತ್ಯಾತಕ್ಕೆ?"

"ಸುಮ್ನೆ ಓಡ್ಸೋಕೆ."

ಆ ಉತ್ತರವನ್ನು ಎಲ್ಲಿ ಇಡಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅಮ್ಮ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದಳು. "ಬಿದ್ದು ಕಾಲು ಮುರ್ಕೊಂಡ್ರೆ ನೋಡ್ಕೊಳ್ಳೋಳು ನಾನೇ ಕಣೆ. ನಂಗೇ ಎಪ್ಪತ್ತೆರಡು" ಎಂದಳು ಅಜ್ಜಿ. ಬೇಡ ಎಂದು ಮಾತ್ರ ಅವಳೂ ಅನ್ನಲಿಲ್ಲ. ಮರುವಾರವೇ ಪದ್ಮತ್ತೆ ನನ್ನನ್ನು ಕರೆದುಕೊಂಡು ನಗರ್ತಪೇಟೆಗೆ ಹೊರಟಳು. ಯಾಕೆ ನನ್ನನ್ನು ಕರೆದೊಯ್ದಳೋ. ಅಪ್ಪನನ್ನು ಕರೆದಿದ್ದರೆ ಅವರು ತಮಗೆ ಸರಿಕಂಡದ್ದನ್ನು ಕೊಡಿಸುತ್ತಿದ್ದರು ಎಂಬ ಭಯವಿರಬೇಕು. ನನ್ನಿಂದ ಅಂಥ ಅಪಾಯವಿಲ್ಲ ಎಂದುಕೊಂಡಳು, ಪಾಪ.

ನಗರ್ತಪೇಟೆಯಲ್ಲಿ ನಾವು ಹೋದ ಅಂಗಡಿ ಅಗಲದಲ್ಲಿ ಒಂದು ಬಾಗಿಲಿನಷ್ಟು, ಉದ್ದದಲ್ಲಿ ಒಂದು ರೈಲು ಡಬ್ಬಿಯಷ್ಟು ಇತ್ತು. ಸೂರಿನಿಂದ ಟೈರುಗಳು ತೂಗುಬಿದ್ದಿದ್ದವು; ಹೊಸ ರಬ್ಬರಿನ ವಾಸನೆಗೆ ತಲೆ ತಿರುಗುತ್ತಿತ್ತು. ಅಂಗಡಿಯ ಯಜಮಾನರು ಗುರುಸಿದ್ದಪ್ಪ, ಹಣೆ ತುಂಬ ವಿಭೂತಿ ಇಟ್ಟ, ಅವಸರವೇ ಇಲ್ಲದ ಹಿರಿಯರು. ನಾನು ಒಳಗೆ ಕಾಲಿಟ್ಟದ್ದೇ ಕಿತ್ತಳೆ ಬಣ್ಣದ ಒಂದು ಗೇರ್ ಸೈಕಲ್ಲಿಗೆ ಮನಸೋತೆ. ಹ್ಯಾಂಡಲ್ಲು ಕೋಲಿನ ಹಾಗೆ ನೇರ, ಸೀಟು ಹ್ಯಾಂಡಲ್ಲಿಗಿಂತ ಎತ್ತರ. ನನ್ನ ಕ್ಲಾಸಿನ ಹುಡುಗರೆಲ್ಲ ಅಂಥದ್ದರ ಕನಸು ಕಾಣುತ್ತಿದ್ದ ಕಾಲ ಅದು. "ಅತ್ತೆ, ಇದು! ಇದು ತಗೋ!" ಎಂದು ಅವಳ ಸೆರಗು ಎಳೆದೆ. ಅವಳು ಅದರ ಸೀಟನ್ನು ಒಮ್ಮೆ ಮುಟ್ಟಿ ನೋಡಿದಳು. "ಇದ್ರ ಮೇಲೆ ಕೂತ್ರೆ ರಸ್ತೆ ಬಿಟ್ರೆ ಇನ್ನೇನೂ ಕಾಣಲ್ವಲ್ಲೇ. ಮರ ನೋಡೋದು ಹೇಗೆ?"

ಗುರುಸಿದ್ದಪ್ಪನವರು ಮುಗುಳ್ನಕ್ಕು ಕೇಳಿದರು: "ಎಲ್ಲಿಗೆ ಓಡ್ಸೋಕೆ ತಾಯಿ? ಸ್ಕೂಲಿಗಾ, ಆಫೀಸಿಗಾ?"

ಪೇಟೆಯ ವ್ಯಾಪಾರಿಗೆ ಅದು ಮಾಮೂಲು ಪ್ರಶ್ನೆ. ನಮ್ಮ ಮನೆಯಲ್ಲಿ ಯಾರೂ ಕೇಳಬಾರದಿದ್ದ ಪ್ರಶ್ನೆ. ಪದ್ಮತ್ತೆಗೆ ಕೆನ್ನೆ ಕೆಂಪಾಯಿತು. "ಎಲ್ಲಿಗೂ ಇಲ್ಲ. ಸುಮ್ನೆ" ಎಂದಳು.

ಅವರು ನಗಲಿಲ್ಲ. ಗಲ್ಲ ತುರಿಸಿಕೊಂಡು ಸ್ವಲ್ಪ ಯೋಚಿಸಿದರು. "ಹಾಗಾದ್ರೆ ನೋಡಿ ಆರಿಸ್ಬೇಕು. ಕೆಲಸಕ್ಕೆ ಹೋಗೋರು ಯಾವ ಸೀಟ್ ಮೇಲಾದ್ರೂ ಹೋಗ್ತಾರೆ, ತಲುಪಿದ್ರೆ ಸಾಕು ಅವರ್ಗೆ. ಸುಮ್ನೆ ಹೋಗೋರಿಗೆ ಕೂತಿರೋದೇ ಸುಖ." ಅಷ್ಟು ಹೇಳಿ ಒಳಗಿನಿಂದ ಒಂದೊಂದೇ ಸೈಕಲ್ಲು ತರಿಸತೊಡಗಿದರು. ಅವರು ಅಂದು ಹೇಳಿದ್ದೆಲ್ಲ ನನಗೆ ಇನ್ನೂ ನೆನಪಿದೆ. ಹ್ಯಾಂಡಲ್ಲು ಸವಾರನ ಕಡೆಗೆ ಬಾಗಿ ಬಂದಿರಬೇಕು. ಅದು ನಮ್ಮ ಹತ್ತಿರ ಬರಬೇಕೇ ಹೊರತು ನಾವು ಅದರ ಹತ್ತಿರ ಬಗ್ಗಬಾರದು. ಸೀಟು ಅಗಲವಾಗಿ, ಕೆಳಗೆ ಸ್ಪ್ರಿಂಗು ಇರಬೇಕು. ಸೀರೆ ಉಟ್ಟವರು ಕಾಲೆತ್ತಿ ದಾಟಬೇಕಾದ ಅಡ್ಡಪಟ್ಟಿ ಇರಬಾರದು. ಚೈನಿಗೆ ಪೂರ್ತಿ ಕವರು, ಸೆರಗು ಸಿಕ್ಕದ ಹಾಗೆ ಹಿಂದಿನ ಚಕ್ರಕ್ಕೆ ಜಾಲರಿ. ಪೆಡಲು ಕೆಳಗೆ ಬಂದಾಗ ಮಂಡಿ ಸ್ವಲ್ಪವೇ ಮಡಿಸಿರಬೇಕು, ನಿಲ್ಲಿಸಿದಾಗ ಕಾಲ ಬೆರಳು ನೆಲಕ್ಕೆ ಸಿಕ್ಕಬೇಕು. "ಕುರ್ಚೀಲಿ ಕೂತು ಪೇಪರ್ ಓದೋ ಹಾಗಿರ್ಬೇಕು ತಾಯಿ. ಬೆನ್ನು ಕೇಳ್ಬಾರ್ದು, ಕೈ ಕೇಳ್ಬಾರ್ದು." ಪೇಟೆಯ ಜನಜಂಗುಳಿಯ ನಡುವೆ ಸೀಟು ಹತ್ತಿ ಕೂರಲು ಅವಳು ನಾಚಿದಾಗ, ಅವರು ಮೊಣಕೈಯನ್ನು ಸೀಟಿನ ಮೂತಿಗೆ ತಾಗಿಸಿ ಮುಂಗೈ ಚಾಚಿ ತೋರಿಸಿದರು. ಬೆರಳ ತುದಿ ಹ್ಯಾಂಡಲ್ಲಿನ ನಡುವಿಗೆ ತಾಗಿದರೆ ಅದು ನಮ್ಮ ಅಳತೆಯದು. ಪದ್ಮತ್ತೆ ಹಾಗೆಯೇ ಕೈ ಚಾಚಿ ನೋಡುತ್ತ ಹೋದಳು. ನಾಲ್ಕನೆಯದಕ್ಕೆ ಬೆರಳು ಸರಿಯಾಗಿ ಮುಟ್ಟಿತು. ಕಡು ಹಸಿರು ಬಣ್ಣದ, ದಪ್ಪ ಚಕ್ರದ, ಯಾವ ಹುಡುಗನೂ ತಿರುಗಿ ನೋಡದಂಥ ಸೈಕಲ್ಲು. ಅವಳು ಹ್ಯಾಂಡಲ್ಲು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಅಂಗಡಿಯ ಆಚೆಗಿನ ಪಟ್ಟಿ ಆಕಾಶವನ್ನು ನೋಡಿದಳು. "ಇದೇ ಇರ್ಲಿ."

ನನಗೆ ಅಳು ಬಂದಿತ್ತು. ಕಿತ್ತಳೆ ಸೈಕಲ್ಲು ಹೋಯಿತು. ಈ ಹಸಿರು ಎಮ್ಮೆಯನ್ನು ಗೆಳತಿಯರಿಗೆ ತೋರಿಸುವುದು ಹೇಗೆ? ಮೂತಿ ಊದಿಸಿ ನಿಂತವಳ ಕಣ್ಣಿಗೆ ಗೋಡೆಯ ಮೊಳೆಗೆ ನೇತುಹಾಕಿದ್ದ ಬಿಳಿ ತಂತಿಯ ಬುಟ್ಟಿ ಬಿತ್ತು. "ಇದನ್ನಾದ್ರೂ ಹಾಕ್ಸು" ಎಂದೆ.

"ಬುಟ್ಟಿ ಬೇಡ ಕಣೆ" ಎಂದಳು ಪದ್ಮತ್ತೆ. ಅಷ್ಟು ನೇರವಾಗಿ ಅವಳು ಬೇಡ ಎಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆಮೇಲೆ ನನ್ನ ಕಡೆ ಬಗ್ಗಿ, ಗುರುಸಿದ್ದಪ್ಪನವರಿಗೆ ಕೇಳಿಸದ ಹಾಗೆ ಹೇಳಿದಳು: "ಬುಟ್ಟಿ ಇದ್ರೆ ಏನಾದ್ರೂ ತರ್ಬೇಕು ಅನ್ಸುತ್ತೆ. ನಂಗೆ ಒಂದ್ಸಲ ಏನೂ ಕೆಲಸ ಇಲ್ದೆ ಸುಮ್ನೆ ಹೋಗಿ ಬರ್ಬೇಕು. ಅಷ್ಟೇ ಕಣೆ."

ಅದು ನನಗೆ ಅರ್ಥವಾಗಲಿಲ್ಲ. ಹನ್ನೊಂದು ವರ್ಷದವರಿಗೆ ದಿನವೆಲ್ಲ ಸುಮ್ಮನೆಯೇ. ಅದನ್ನು ಯಾರಾದರೂ ಬೇಡಿ ಪಡೆಯಬೇಕಾಗುತ್ತದೆ ಎಂದು ಹೊಳೆಯುವುದಾದರೂ ಹೇಗೆ? ನನ್ನ ಕಣ್ಣಿಂದ ಒಂದು ಹನಿ ಉದುರಿತು. ಅಳು ಅರ್ಧ ನಿಜ, ಅರ್ಧ ನಾಟಕ. ಪದ್ಮತ್ತೆ ಸೋತಳು. "ಆಯ್ತು, ಹಾಕ್ಬಿಡಿ" ಎಂದಳು. ಎರಡು ಬೋಲ್ಟು ಬಿಗಿದು ಬುಟ್ಟಿ ಕೂರಿಸುವುದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಹೊರಡುವಾಗ ಗುರುಸಿದ್ದಪ್ಪನವರು ಬೋಲ್ಟಿನ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟು, "ಇಟ್ಕೊ ಮಗು, ಬೇಕಾಗುತ್ತೆ" ಎಂದರು.

ಅಷ್ಟು ವರ್ಷದ ಮೇಲೆ ಆ ಟ್ರಾಫಿಕ್ಕಿನಲ್ಲಿ ಸೈಕಲ್ಲು ಹತ್ತುವ ಧೈರ್ಯ ಅವಳಿಗಿರಲಿಲ್ಲ. ನಗರ್ತಪೇಟೆಯಿಂದ ತಳ್ಳಿಕೊಂಡೇ ಹೊರಟೆವು, ಅವಳು ಒಂದು ಪಕ್ಕ, ನಾನು ಒಂದು ಪಕ್ಕ. ಮಾರ್ಕೆಟ್ಟಿನ ಹೂವಿನ ಸಾಲಿನ ಹತ್ತಿರ ಬಂದಾಗ ಪದ್ಮತ್ತೆ ನಿಂತಳು. ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲವಲ್ಲ. ನಾಲ್ಕು ಮೊಳ ಸೇವಂತಿಗೆ ಕಟ್ಟಿಸಿ, ಎಲ್ಲಿಡುವುದೆಂದು ಒಮ್ಮೆ ಆಚೀಚೆ ನೋಡಿ, ಬುಟ್ಟಿಯಲ್ಲಿಟ್ಟಳು. ಆ ಬುಟ್ಟಿಗೆ ಮೊದಲು ಬಿದ್ದದ್ದು ಅವಳೇ ಹಾಕಿದ ಹೂವು. ಮನೆಯಲ್ಲಿ ಅಜ್ಜಿ ಸೈಕಲ್ಲಿಗೆ ಆರತಿ ಎತ್ತಿ, ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ತುಳಿಸಿದಳು. ಸ್ಪ್ರಿಂಗಿನ ಸೀಟು, ಬಾಗಿದ ಹ್ಯಾಂಡಲ್ಲು ಯಾವುದೂ ಅವಳ ಗಮನಕ್ಕೆ ಬರಲಿಲ್ಲ. ಹಿಂದೆ ಸರಿದು ನಿಂತು, ಮೆಚ್ಚುಗೆಯಿಂದ ಹೇಳಿದಳು: "ಬುಟ್ಟಿ ಅನುಕೂಲವಾಗಿದೆ ಕಣೆ ಪದ್ಮ."

ಓಡಿಸುವುದು ಪದ್ಮತ್ತೆಗೆ ಮರೆತಿರಲಿಲ್ಲ. ಮೊದಲ ಎರಡು ದಿನ ಬೆಳಗ್ಗೆ ಬೇಗ ನಮ್ಮ ಬೀದಿಯಲ್ಲೇ ಅತ್ತಿಂದಿತ್ತ ಓಡಿಸಿದಳು. ಮೂರನೆಯ ದಿನ ಅವಳ ಬೆನ್ನು ಕೋಲಿನಷ್ಟು ನೆಟ್ಟಗಿತ್ತು. ಭಾನುವಾರ ಬೆಳಗ್ಗೆ ಕಾಫಿ ಕುಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೈಕಲ್ಲನ್ನು ಗೇಟಿನಿಂದ ಆಚೆ ತಂದಳು. ಜಗಲಿಯಿಂದ ಅಜ್ಜಿ ಕೇಳಿದಳು, "ದೂರಾನಾ?"

"ಇಲ್ಲಮ್ಮ, ಇಲ್ಲೇ."

ಇಲ್ಲೇ ಎಂದರೆ ಎಲ್ಲಿ? ಅಜ್ಜಿಗೆ ತಡೆಯಲಾಗಲಿಲ್ಲ. "ಗಾಂಧಿ ಬಜಾರ್ ಕಡೆ ಹೋದ್ರೆ ವೀಳ್ಯದೆಲೆ ತಾ. ಬುಟ್ಟಿ ಇದ್ಯಲ್ಲ." ಅಷ್ಟರಲ್ಲಿ ಅಮ್ಮ ಒಳಗಿನಿಂದ, "ಅಕ್ಕಾ, ಹೇಗೂ ಆ ಕಡೆ ಹೋಗ್ತೀರಿ, ಕಾಫಿಪುಡಿ ಮುಗ್ದಿದೆ" ಎಂದಳು. ಎದುರು ಮನೆಯ ಸರೋಜಮ್ಮನವರು ಬಾಗಿಲಿಗೆ ಬಂದು, ಟೈಲರಿಗೆ ಕೊಡಬೇಕಾದ ಎರಡು ರವಿಕೆಯ ಬಟ್ಟೆಯನ್ನು ಬುಟ್ಟಿಗೆ ಹಾಕಿದರು. ಪದ್ಮತ್ತೆ ಅಂದು ವೀಳ್ಯದೆಲೆ, ಕಾಫಿಪುಡಿ, ಅರ್ಧ ಕಿಲೋ ಹುರುಳಿಕಾಯಿ ತಂದಳು. ಮುಂದಿನ ಭಾನುವಾರ ಹನುಮಂತನಗರದ ಬಂಧುಗಳ ಮನೆಗೆ ಅಜ್ಜಿಯ ಉಪ್ಪಿನಕಾಯಿಯ ಜಾಡಿ ಹೊತ್ತಳು. ಅದರ ಮುಂದಿನ ವಾರ ಹಿಟ್ಟಿನ ಗಿರಣಿ. "ನಮ್ಮನೇಲೇ ಒಂದು ಪೋಸ್ಟಾಫೀಸ್ ಬಂತು" ಎಂದು ಅಪ್ಪ ತಮಾಷೆ ಮಾಡಿದರು. ಯಾರದೂ ದುರುದ್ದೇಶವಲ್ಲ. ಅವಳಿಗೆ ಹೋಗಲೊಂದು ಕಾರಣ ಒದಗಿಸಿ ಉಪಕಾರ ಮಾಡುತ್ತಿದ್ದೇವೆ ಎಂದೇ ಎಲ್ಲರೂ ತಿಳಿದಿದ್ದರು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ಪದ್ಮತ್ತೆಯ ವಿಷಯದಲ್ಲಿ ದೈವವನ್ನು ದೂರುವಂತಿಲ್ಲ, ಎಲ್ಲ ಬುಟ್ಟಿಯ ಕೆಲಸ. ಬುಟ್ಟಿ ಆರಿಸಿದವಳು ನಾನು.

ಒಂದು ಭಾನುವಾರವಂತೂ ಎಲ್ಲವೂ ಕೂಡಿಬಂದಿತ್ತು. ಅಜ್ಜಿ ಸ್ನಾನಕ್ಕೆ ಹೋಗಿದ್ದಳು, ಅಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಸರೋಜಮ್ಮನವರ ಬಾಗಿಲು ಮುಚ್ಚಿತ್ತು. ಪದ್ಮತ್ತೆ ಸದ್ದಿಲ್ಲದೆ ಗೇಟು ತೆಗೆದು, ಖಾಲಿ ಬುಟ್ಟಿಯ ಸೈಕಲ್ಲು ಹತ್ತಿ ಹೊರಟಳು. ನಾನು ಜಗಲಿಯಲ್ಲಿ ನಿಂತು ನೋಡುತ್ತಿದ್ದೆ. ಅವಳು ರಸ್ತೆಯ ತುದಿಯ ತಿರುವು ಮುಟ್ಟುತ್ತಿದ್ದಳು, ಅಷ್ಟರಲ್ಲಿ ನನಗೆ ಮರುದಿನದ ಹೋಂವರ್ಕ್ ನೆನಪಾಯಿತು. "ಅತ್ತೇ! ಚಾರ್ಟ್ ಪೇಪರ್! ಬಿಳೀದು ಒಂದು, ಹಳದೀದು ಒಂದು!" ಎಂದು ಕಿರುಚುತ್ತ ಓಡಿದೆ. ಅವಳು ಬ್ರೇಕು ಹಿಡಿದು ಒಂದು ಕಾಲು ನೆಲಕ್ಕೆ ಊರಿ ನಿಂತಳು. ತಕ್ಷಣ ತಿರುಗಲಿಲ್ಲ. ತಿರುಗಿದಾಗ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಕ್ಲಾಸಿನಲ್ಲಿ ಬೆಲ್ಲು ಹೊಡೆದ ಮೇಲೂ ಕೂರಿಸಿಕೊಂಡ ಮಗುವಿನ ಮುಖ ಅದು. "ಬಿಳೀದು ಒಂದು, ಹಳದೀದು ಒಂದು" ಎಂದು ಪಾಠ ಒಪ್ಪಿಸಿ ಹೋದಳು. ಅರ್ಧ ಗಂಟೆಯಲ್ಲಿ ಸುರುಳಿ ಸುತ್ತಿದ ಪೇಪರು ತಂದುಕೊಟ್ಟು, ಸೈಕಲ್ಲನ್ನು ಓಣಿಯಲ್ಲಿ ನಿಲ್ಲಿಸಿ, ಅಡುಗೆಮನೆಗೆ ಹೋಗಿ ಕಾಯಿ ತುರಿಯಲು ಕೂತಳು. ನಗರ್ತಪೇಟೆಯಲ್ಲಿ ಅವಳು ಕಿವಿಯಲ್ಲಿ ಹೇಳಿದ್ದು ಆಗ ನನಗೆ ಅರ್ಥವಾಯಿತು. 

ಮುಂದಿನ ಶನಿವಾರ ಸಂಜೆ ನನ್ನ ಕಂಪಾಸ್ ಡಬ್ಬಿಯಲ್ಲಿಟ್ಟಿದ್ದ ಸ್ಪ್ಯಾನರನ್ನು ತೆಗೆದುಕೊಂಡು ಓಣಿಗೆ ಹೋದೆ. ಬೋಲ್ಟು ನನ್ನ ಕೈಗೆ ಬಗ್ಗಲಿಲ್ಲ. ಸ್ಪ್ಯಾನರನ್ನು ಬುಟ್ಟಿಯೊಳಗೆ ಬಿಟ್ಟು ಬಂದೆ. ಬೇಕೆಂದೇ ಬಿಟ್ಟೆನೋ ಸೋತು ಬಿಟ್ಟೆನೋ, ಈಗ ಹೇಳಲಾರೆ.

ಬೆಳಗ್ಗೆ ಎದ್ದು ಹಿತ್ತಿಲಿಗೆ ಹೋದರೆ ಒಗೆಯುವ ಕಲ್ಲಿನ ಮೇಲೆ ಬಿಳಿ ಬುಟ್ಟಿ ಕೂತಿತ್ತು. ಒಳಗೆ ಎರಡು ಬೋಲ್ಟು, ಸ್ಪ್ಯಾನರು, ಅಚ್ಚುಕಟ್ಟಾಗಿ ಮಡಿಸಿದ ಬಟ್ಟೆಯ ಚೀಲ. ಸೈಕಲ್ಲೂ ಇಲ್ಲ, ಪದ್ಮತ್ತೆಯೂ ಇಲ್ಲ.  ಒಂಬತ್ತು ಗಂಟೆಗೆ ಅಮ್ಮ ಮೂರನೆಯ ಸಲ ಗೇಟಿನವರೆಗೆ ಹೋಗಿ ಬಂದಳು. ಹತ್ತಕ್ಕೆ ಅಪ್ಪ ಸ್ಕೂಟರ್ ತೆಗೆದುಕೊಂಡು ಗಾಂಧಿ ಬಜಾರು, ಗಿರಣಿ, ಹನುಮಂತನಗರ ಎಲ್ಲ ಸುತ್ತಿ ಬಂದರು. ಅವಳು ಹೋಗಬಹುದಾದ ಜಾಗಗಳೆಲ್ಲ ನಾವು ಕಳಿಸಿದ ಜಾಗಗಳೇ. ಅಲ್ಲಿ ಎಲ್ಲೂ ಅವಳಿಲ್ಲ. ಅವಳಿಗೆ ಇನ್ನೆಲ್ಲಿ ಹೋಗುವ ಆಸೆಯಿದೆ ಎಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಜ್ಜಿ ಜಗಲಿ ಬಿಟ್ಟು ಏಳಲಿಲ್ಲ. ಕಾಫಿ ಆರಿ ಕೆನೆ ಕಟ್ಟಿತು. "ಹೊರಡೋವಾಗ ನಾನು ಎದ್ದೇ ಇದ್ದೆ ಕಣೋ" ಎಂದಳು ಅಪ್ಪನಿಗೆ, ಮೆಲ್ಲಗೆ. "ಗೇಟ್ ಸದ್ದು ಕೇಳ್ತು. ಎಲ್ಲಿಗೆ ಅಂತ ಕೇಳ್ಬಾರ್ದು ಅಂತ ಸುಮ್ನಿದ್ದೆ."

ಹನ್ನೆರಡರ ಬಿಸಿಲಿನಲ್ಲಿ ರಸ್ತೆಯ ತುದಿಯಲ್ಲಿ ಹಸಿರು ಸೈಕಲ್ಲು ಕಾಣಿಸಿತು. ಬೆನ್ನು ನೆಟ್ಟಗೆ, ಮುಖ ಕೆಂಪಗೆ, ಹೆರಳು ಬಿಚ್ಚಿ ಬೆನ್ನ ಮೇಲೆ ಹರಡಿತ್ತು. ಪದ್ಮತ್ತೆ ಗೇಟಿನ ಬಳಿ ಇಳಿದು, ಎಲ್ಲರನ್ನೂ ನೋಡಿ, ತಪ್ಪು ಮಾಡಿದವಳಂತೆ ನಿಂತಳು. ಅಜ್ಜಿಯ ಕಣ್ಣು ನೇರವಾಗಿ ಅವಳ ಕೈಗಳ ಮೇಲೆ ಹೋಯಿತು.

"ಬರಿಗೈಲಿ ಬಂದ್ಯಲ್ಲೇ."

"ಹೂಂ ಅಮ್ಮ. ಏನೂ ತಂದಿಲ್ಲ."

ಅಜ್ಜಿ ಬೈಯುತ್ತಾಳೆ ಎಂದು ನಾನು ಕಂಬದ ಹಿಂದೆ ಸರಿದೆ. ಅವಳು ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ದೊಡ್ಡ ಹಿತ್ತಾಳೆ ಲೋಟದ ತುಂಬ ಮಜ್ಜಿಗೆ ತಂದಳು, ಕರಿಬೇವು, ಇಂಗು ಹಾಕಿದ್ದು. ಹೊಸ್ತಿಲು ದಾಟಿ ಹೊರಗೆ ಬಂದು, ಮಗಳು ಒಳಗೆ ಕಾಲಿಡುವ ಮೊದಲೇ ಅದನ್ನು ಅವಳ ಎರಡೂ ಕೈಯಲ್ಲಿಟ್ಟಳು. "ಹಿಡ್ಕೊ. ಈಗ ಬಾ ಒಳಗೆ." ಕಟ್ಟಳೆ ಮುರಿಯಲಿಲ್ಲ. ಪದ್ಮತ್ತೆ ಮಜ್ಜಿಗೆ ಕುಡಿಯುತ್ತ ಅತ್ತಳು. ಅದನ್ನು ನೋಡಿ ಅಮ್ಮನೂ ಅತ್ತಳು. ಅಪ್ಪ ಸ್ಕೂಟರನ್ನು ಸುಮ್ಮನೆ ಒರೆಸತೊಡಗಿದರು.

ಮಧ್ಯಾಹ್ನ ಊಟವಾದ ಮೇಲೆ ಅವಳ ಪಕ್ಕ ಮಲಗಿ ಕೇಳಿದೆ. ಹೋಗಿ ಬಂದವರನ್ನು ಕೇಳಬಾರದೆಂದು ಯಾರೂ ಹೇಳಿರಲಿಲ್ಲವಲ್ಲ. "ಎಲ್ಲಿಗೆ ಹೋಗಿದ್ದೆ ಅತ್ತೆ?"

"ಎಲ್ಲಿ ತಿರುಗ್ಬೇಕು ಅನ್ನಿಸ್ತೋ ಅಲ್ಲಿ ತಿರುಗ್ದೆ ಕಣೆ. ಮಲ್ಲೇಶ್ವರ ಬಂತು. ಮರ ನೋಡ್ಕೊಂಡು ಹೋಗ್ತಾನೇ ಇದ್ದೆ. ಮತ್ತಿಕೆರೇಲಿ ಯಾರೋ ಒಬ್ಬ ಹುಡುಗ ರೂಮ್ ಹುಡುಕ್ತಿದ್ದ, ನನ್ನನ್ನ ನಿಲ್ಲಿಸಿ ಅಡ್ರೆಸ್ ಕೇಳ್ದ." ಅವಳು ಮಾಡಿನ ಕಡೆ ನೋಡಿ ನಕ್ಕಳು. "ನಂಗೊತ್ತಿಲ್ಲಪ್ಪ ಅಂದೆ. ಎಷ್ಟು ವರ್ಷ ಆಗಿತ್ತೋ ಹಾಗಂದು. ಸ್ಕೂಲಲ್ಲಿ ಅನ್ನೋ ಹಾಗಿಲ್ಲ, ಮನೇಲಂತೂ ಅನ್ನೋ ಹಾಗೇ ಇಲ್ಲ. ಗೊತ್ತಿಲ್ಲ ಅಂತ ಹೇಳಿ ಮುಂದೆ ಹೋಗ್ಬಿಟ್ಟೆ."

ಅಂದಿನಿಂದ ನಮ್ಮ ಮನೆಗೆ ಮೂರನೆಯ ಕಟ್ಟಳೆಯೊಂದು ಬಂತು. ವಾರದ ಆರು ದಿನ ಸೈಕಲ್ಲಿಗೆ ಬುಟ್ಟಿ, ಭಾನುವಾರ ಇಲ್ಲ. ಶನಿವಾರ ಸಂಜೆ ದೀಪ ಹಚ್ಚುವ ಮೊದಲು ಎರಡು ಬೋಲ್ಟು ಬಿಚ್ಚುವುದು, ಸೋಮವಾರ ಬೆಳಗ್ಗೆ ಮತ್ತೆ ಬಿಗಿಯುವುದು ನನ್ನ ಕೆಲಸ. ನನ್ನ ಕೈ ಬಲಿಯುವವರೆಗೆ ಅಪ್ಪ ಸಹಾಯ ಮಾಡಿದರು. ಬುಟ್ಟಿ ಗೋಡೆಯ ಮೊಳೆಯಲ್ಲಿ ನೇತಾಡುವುದನ್ನು ಕಂಡರೆ ಅಮ್ಮ ಕಾಫಿಪುಡಿಯ ಮಾತು ಎತ್ತುತ್ತಿರಲಿಲ್ಲ, ಸರೋಜಮ್ಮನವರು ರವಿಕೆಯ ಬಟ್ಟೆ ಹಿಡಿದು ಬಂದವರು ಹಾಗೆಯೇ ಹಿಂದೆ ಹೋಗುತ್ತಿದ್ದರು. ಅಜ್ಜಿ ಭಾನುವಾರ "ದೂರಾನಾ?" ಎಂದೂ ಕೇಳುವುದನ್ನು ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಮಜ್ಜಿಗೆಯ ಲೋಟ ಹಿಡಿದು ಜಗಲಿಯಲ್ಲಿ ಕೂತಿರುವಳು, ಅಷ್ಟೇ. ಅಜ್ಜಿ ಹೋದ ಮೇಲೆ ಆ ಲೋಟ ಅಮ್ಮನ ಕೈಗೆ ಬಂತು.

ಆಮೇಲೆ ಆದದ್ದು ನಿಮಗೂ ಗೊತ್ತು, ನಿಮ್ಮ ಬೀದಿಗೂ ಆಗಿರುತ್ತದೆ. ರಸ್ತೆ ಅಗಲವಾಯಿತು, ಪದ್ಮತ್ತೆ ತಲೆ ಎತ್ತಿ ನೋಡುತ್ತಿದ್ದ ಮರಗಳಲ್ಲಿ ಎಷ್ಟೋ ಹೋದವು. ನೆಟ್ಟಗೆ ಕೂತು ನಿಧಾನವಾಗಿ ಹೋಗುವವರಿಗೆ ಹಿಂದಿನಿಂದ ಹಾರನ್ನಿನ ಮೇಲೆ ಹಾರನ್ನು. ಅವಳ ಭಾನುವಾರಗಳು ಮಲ್ಲೇಶ್ವರದಿಂದ ಬಸವನಗುಡಿಗೆ, ಬಸವನಗುಡಿಯಿಂದ ನಮ್ಮದೇ ಎರಡು ಅಡ್ಡರಸ್ತೆಗೆ ಇಳಿದವು. ಹೊಸ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಮನೆ ಮಾರಿದೆವು. ಅಪ್ಪ, ಅಮ್ಮ, ಪದ್ಮತ್ತೆ ಹನುಮಂತನಗರದ ಫ್ಲ್ಯಾಟಿಗೆ ಹೋದರು; ನಾನು ಮದುವೆಯಾಗಿ ಅಲ್ಲೇ ಮೂರು ರಸ್ತೆ ಆಚೆಗಿದ್ದೆ. ಸೈಕಲ್ಲು ಫ್ಲ್ಯಾಟಿನ ನೆಲಮಾಳಿಗೆಯಲ್ಲಿ ಕಾರುಗಳ ನಡುವೆ ನಿಂತಿತು. ಮಂಡಿನೋವಿನಿಂದ ಅವಳು ಹತ್ತುವುದನ್ನು ಬಿಟ್ಟ ಮೇಲೆ ಬುಟ್ಟಿ ಬಿಚ್ಚುವ ಅಗತ್ಯವೂ ಇರಲಿಲ್ಲ. ಅದು ಸೈಕಲ್ಲಿಗೇ ಉಳಿದುಕೊಂಡಿತು. ಆದರೂ ತಿಂಗಳಿಗೊಮ್ಮೆ ಅವಳು ಕೆಳಗಿಳಿದು ಚೈನಿಗೆ ಎಣ್ಣೆ ಹಾಕುತ್ತಿದ್ದಳು. ಅದೇ ಎಣ್ಣೆ.

ಪದ್ಮತ್ತೆ ಹೋದದ್ದು ಒಂದು ಬುಧವಾರ, ಬೆಳಗಿನ ಕಾಫಿಯ ಹೊತ್ತಿಗೆ, ಯಾರಿಗೂ ಒಂದು ಮಾತೂ ಹೇಳದೆ. ಎರಡನೆಯ ಮಹಡಿಯ ಹಾಲಿನಲ್ಲಿ ಅವಳನ್ನು ಮಲಗಿಸಿದ್ದರು. ಅವಳಿಂದ ಮಗ್ಗಿ ಕಲಿತವರು, ತಲೆ ನರೆತವರು, ಒಬ್ಬೊಬ್ಬರಾಗಿ ಬಂದು ಕೈಕಟ್ಟಿ ನಿಂತಿದ್ದರು. ನನಗೆ ಒಳಗೆ ನಿಲ್ಲಲಾಗಲಿಲ್ಲ. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದುಕೊಂಡು, ಅವಳ ಮೇಜಿನ ಡ್ರಾಯರಿನಲ್ಲಿದ್ದ ಸ್ಪ್ಯಾನರು ಹುಡುಕಿಕೊಂಡು ನೆಲಮಾಳಿಗೆಗೆ ಇಳಿದೆ. ಬುಟ್ಟಿಯಲ್ಲಿ ಮಡಿಸಿದ ಬಟ್ಟೆಯ ಚೀಲವೊಂದಿತ್ತು. ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು, ಅದು ಇಳಿಯುವವರೆಗೆ ಅವಳ ಹಾಗೆಯೇ ಸೈಕಲ್ಲಿನ ಪಕ್ಕದಲ್ಲಿ ನಿಂತು ಕಾದೆ. ಬುಧವಾರ ಬುಟ್ಟಿ ಇರಬೇಕಾದ ದಿನ. ಆದರೆ ಇನ್ನು ಅವಳು ಏನನ್ನೂ ತರಬೇಕಾಗಿರಲಿಲ್ಲ. ಮೊದಲ ಬೋಲ್ಟು ಬಿಟ್ಟಿತು, ಆಮೇಲೆ ಎರಡನೆಯದು. ಬುಟ್ಟಿಯನ್ನು ತೆಗೆದು ಗೋಡೆಗೆ ಒರಗಿಸಿ, ಎಣ್ಣೆಯ ಕೈಯಲ್ಲೇ ಮೇಲೆ ಹೋದೆ. ಅಷ್ಟರಲ್ಲಿ ಹೊರಡುವ ಹೊತ್ತಾಗಿತ್ತು. ಎಲ್ಲರೂ ಬಾಗಿಲವರೆಗೆ ಬಂದು ಅವಳನ್ನು ಕಳಿಸಿಕೊಟ್ಟೆವು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ.